ಸೇವಂತಿಗೆಗೆ ನೀಲಿ ಬಳಿಯಬೇಕೆ?

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿಗೇ ಕೂತು ಕದಂಬ ಮಾಲೆ ಕಟ್ಟುವವರ ಬೆರಳುಗಳನ್ನು ನೋಡಬೇಕು. ನಾಲ್ಕು ಮಲ್ಲಿಗೆ, ಎರಡು ಕನಕಾಂಬರ, ನಡುವೆ ಒಂದು ಕುಡಿ ಮರುಗ. ಮರುಗ ಪರಿಮಳಕ್ಕಷ್ಟೇ ಅಲ್ಲ. ಆ ಹಸಿರು ಪಕ್ಕದಲ್ಲಿದ್ದರೆ ಕನಕಾಂಬರದ ಕೆಂಪು ಕೆಂಡದಂತೆ ಹೊಳೆಯುತ್ತದೆ, ಮಲ್ಲಿಗೆ ಇನ್ನಷ್ಟು ಬೆಳ್ಳಗಾಗುತ್ತದೆ.

ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರಲ್ 1839ರಲ್ಲಿ ದೊಡ್ಡ ಗ್ರಂಥ ಬರೆದು ವಿವರಿಸಿದ್ದು ಇದನ್ನೇ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಉಸ್ತುವಾರಿ ಅವನದು. ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ ಪರೀಕ್ಷಿಸಿದರೆ, ನೂಲಿಗೆ ಹಾಕಿದ ಬಣ್ಣ ಚೆನ್ನಾಗಿಯೇ ಇತ್ತು. ಅದನ್ನು ಮಂಕಾಗಿಸಿದ್ದು ಪಕ್ಕದ ನೂಲು. ಹೂದೋಟದಲ್ಲಿ ಯಾವ ಬಣ್ಣದ ಪಕ್ಕ ಯಾವುದು ಚೆಂದ ಎಂಬುದನ್ನೂ ಅವನು ಅದೇ ಗ್ರಂಥದಲ್ಲಿ ಚರ್ಚಿಸಿದ.

ಈ ತಿಳಿವಳಿಕೆ ಮದುವೆ ಮಂಟಪಗಳಿಂದ ಮರೆಯಾಗುತ್ತಿದೆ. ಬಿಳಿ ಸೇವಂತಿಗೆಗೆ ನೀಲಿ ಸಿಂಪಡಿಸುತ್ತಾರೆ. ಸುಗಂಧರಾಜದ ಕಡ್ಡಿಯನ್ನು ಬಣ್ಣದ ನೀರಿನಲ್ಲಿ ನಿಲ್ಲಿಸಿ ಹಸಿರಾಗಿಸುತ್ತಾರೆ. ವಧುವಿನ ಸೀರೆಗೆ ಹೊಂದಬೇಕು ಎಂಬುದು ಅಲಂಕಾರ ಮಾಡುವವರ ಸಮರ್ಥನೆ. ಸೀರೆಯ ಬಣ್ಣವನ್ನು ಹಿಂದಿನ ಪರದೆಗೆ ತಂದರೆ ಸಾಲದೆ?

ಬಳಿದ ಹೂವು ಪ್ಲಾಸ್ಟಿಕ್ಕಿನಂತೆ ಕಾಣುವುದಕ್ಕೆ ಕಾರಣವಿದೆ. ನಿಜವಾದ ಎಸಳಿನ ಬಣ್ಣ ಬುಡದಲ್ಲೊಂದು, ತುದಿಯಲ್ಲೊಂದು. ಸಿಂಪಡಿಸಿದ ಬಣ್ಣ ಆ ಏರಿಳಿತವನ್ನೇ ಮುಚ್ಚಿಬಿಡುತ್ತದೆ.

ನೀಲಿ ಹೂವು ಅಪರೂಪ, ನಿಜ. ಗುಲಾಬಿಯಲ್ಲಿ ನೀಲಿಗೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವೇ ಇಲ್ಲ. ಜಪಾನಿನ ಸನ್‌ಟೋರಿ ಕಂಪನಿ ವಂಶವಾಹಿ ಸೇರಿಸಿ, ವರ್ಷಗಟ್ಟಲೆ ದುಡಿದು 2009ರಲ್ಲಿ ಮಾರಾಟಕ್ಕಿಟ್ಟ ‘ನೀಲಿ’ ಗುಲಾಬಿಯೂ ತಿಳಿನೇರಳೆಯಾಗಿಯೇ ಉಳಿಯಿತು. ಆದರೆ ನಮ್ಮ ಬೇಲಿಯ ಮೇಲೆ ಶಂಖಪುಷ್ಪ ಹಬ್ಬುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಆಸ್ಟರ್ ತಳಿಗಳಲ್ಲಿ ‘ವೈಲೆಟ್ ಕುಶನ್’ ಇದೆ. ಆ ನೇರಳೆಯ ಪಕ್ಕ ಹಳದಿ ಸೇವಂತಿಗೆ ಇಟ್ಟರೆ ಎರಡೂ ತುಂಬಿ ನಿಲ್ಲುತ್ತವೆ, ಒಂದು ತೊಟ್ಟು ಬಣ್ಣವೂ ಬೇಡ.

ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅಲ್ಲಿನ ಗಾಜಿನ ಮನೆಯ ಒಂದು ಬದಿಯನ್ನು ತೋಟಗಾರಿಕೆ ಇಲಾಖೆ ಮಾರುಕಟ್ಟೆಯ ಹೂಕಟ್ಟುವವರಿಗೆ ಬಿಟ್ಟುಕೊಡಲಿ. ಬಾಳೆನಾರು, ಮರುಗ, ಕನಕಾಂಬರ ಹರವಿಕೊಂಡು ಅವರು ಕಟ್ಟಲಿ. ಮಂಟಪ ಅಲಂಕರಿಸುವ ಹುಡುಗರು ಎದುರಿಗೆ ಕೂತು ಕಲಿಯಲಿ.