ಆ ಸೊನ್ನೆ ಯಾರದು?

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ, ಇಂಗ್ಲಿಷ್ ಪೇಪರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮುತ್ತಿನಂಥ ಅಕ್ಷರ. ಎಲ್ಲೂ ಕಾಟು ಹೊಡೆದಿಲ್ಲ, ಸ್ಪೆಲ್ಲಿಂಗ್ ಒಂದೂ ತಪ್ಪಿಲ್ಲ. ಎರಡನೇ ಪುಟ ಮುಗಿಯುವಷ್ಟರಲ್ಲಿ ಗೊತ್ತಾಯಿತು: ಹುಡುಗಿ ಪ್ರಶ್ನೆಗಳನ್ನೇ ಇಳಿಸಿದ್ದಾಳೆ. ಉತ್ತರ ಬರೆಯಬೇಕಾದ ಜಾಗದಲ್ಲೆಲ್ಲ ಮತ್ತೆ ಅದೇ ಪ್ರಶ್ನೆ. ಮೂರು ಗಂಟೆ ಬೆನ್ನು ಬಗ್ಗಿಸಿ ಕೂತು, ತನಗೆ ಒಂದು ಸಾಲೂ ಅರ್ಥವಾಗದ ಭಾಷೆಯನ್ನು ಒಂದಕ್ಷರ ಬಿಡದೆ ಬರೆದಿದ್ದಾಳೆ. ನಾನು ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, ಸಹಿ ಹಾಕಿ, ಮುಂದಿನ ಪೇಪರಿಗೆ ಕೈಹಾಕಿದೆ.

ಪೇಪರು ಹಂಚಿದ ದಿನ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. “ಸರ, ಒಂದೂ ತಪ್ಪಿಲ್ಲಲ್ರಿ. ಬರೋಬ್ಬರಿ ನೋಡಿ ಬರದೀನ್ರಿ. ಸೊನ್ನಿ ಯಾಕ್ ಕೊಟ್ರಿ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಇಂಗ್ಲಿಷ್ ಮೇಷ್ಟ್ರಾಗಿ ಹಾಕಿದ ಸೊನ್ನೆಗಳ ಲೆಕ್ಕ ನಾನು ಇಟ್ಟವನಲ್ಲ. ಅವತ್ತಿನಿಂದ ಆ ಒಂದು ಸೊನ್ನೆ ನನ್ನನ್ನು ಬಿಟ್ಟಿಲ್ಲ.

ಆಕೆ ವಿಜಯಪುರ ಜಿಲ್ಲೆಯ ಒಂದು ತಾಂಡಾದವಳು. ಹೆತ್ತವಳನ್ನು ಯಾಡಿ ಎಂದು ಕರೆಯುತ್ತಾಳೆ. ಮನೆಯಲ್ಲಿ ಆಡುವುದು ಗೋರ್ ಬೋಲಿ, ನಾವು ಲಂಬಾಣಿ ಎನ್ನುವ ನುಡಿ. ದೀಪಾವಳಿ ಕಳೆಯಿತೆಂದರೆ ತಾಂಡಾ ಅರ್ಧ ಖಾಲಿ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ. ಕೂಲಿ ಗುತ್ತಿಗೆ ಹಿಡಿದ ಮುಕಾದಮ ಟನ್ನಿನ ಲೆಕ್ಕದಲ್ಲಿ ಕೈಯಾಡಿಸಿದಾಗ ಅಪ್ಪನ ಪರವಾಗಿ ಮರಾಠಿಯಲ್ಲಿ ಜಗಳಕ್ಕೆ ನಿಂತು, ಹಿಂದಿನ ವಾರದ ತೂಕವನ್ನೂ ನೆನಪಿನಿಂದ ಹೇಳಿ, ಬಾಕಿ ದುಡ್ಡು ಬಿಡಿಸಿಕೊಂಡವಳು ಇವಳೇ. ಸಂತೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಇಷ್ಟು ಭಾಷೆಗಳಲ್ಲಿ ಬದುಕು ಹೊತ್ತು ನಡೆಯುವವಳಿಗೆ ಭಾಷೆ ಬರುವುದಿಲ್ಲ ಎಂದು ನಾವು ಕೆಂಪು ಶಾಯಿಯಲ್ಲಿ ಬರೆದು ಕೊಡುತ್ತೇವೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆರೆದು ನೋಡಿ. ಒಟ್ಟು 625. ಪ್ರಥಮ ಭಾಷೆ ಕನ್ನಡಕ್ಕೆ 125, ದ್ವಿತೀಯ ಭಾಷೆ ಇಂಗ್ಲಿಷಿಗೆ 100, ತೃತೀಯ ಭಾಷೆ ಹಿಂದಿಗೆ 100. ಪ್ರಥಮ ಎಂದರೆ ಯಾರಿಗೆ ಪ್ರಥಮ? ಈ ಹುಡುಗಿ ಕನ್ನಡ ಕೇಳಿದ್ದೇ ಅಂಗನವಾಡಿಗೆ ಹೋದ ಮೇಲೆ. ಅವಳ ಬಾಯಿಯ ಲೆಕ್ಕದಲ್ಲಿ ಇಂಗ್ಲಿಷ್ ಐದನೆಯದು. ಮನೆಮಾತಿಗೆ ಆ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆಯೂ ಇಲ್ಲ. ಶಾಲೆ ಒಂದೇ ಅಲ್ಲ, ದೇಶವೂ ಹೀಗೆಯೇ ಎಣಿಸುತ್ತದೆ: 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಲಂಬಾಣಿ ನಮ್ಮ ತಾಯ್ನುಡಿ ಎಂದು ಬರೆಸಿದರು, ಸರ್ಕಾರ ಅಷ್ಟೂ ಜನರನ್ನು ಹಿಂದಿಯ ಲೆಕ್ಕಕ್ಕೆ ಸುರಿದುಕೊಂಡಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕೂಸು, ಕರಾವಳಿಯ ಬ್ಯಾರಿ ಮನೆಯ ಮಗು, ತುಳು, ಕೊಡವ ಮನೆಗಳ ಮಕ್ಕಳು, ಇವರೆಲ್ಲರ ಎದುರಿಗೂ ಇದೇ ಗೋಡೆ.

ಎರಡನೇ ಭಾಷೆ ಕಲಿಯುವವರನ್ನು ಹೇಗೆ ಅಳೆಯಬೇಕು ಎಂಬುದರ ಬಗ್ಗೆ ಜಗತ್ತು ಅರ್ಧ ಶತಮಾನಕ್ಕೂ ಮೀರಿ ತಲೆ ಕೆಡಿಸಿಕೊಂಡಿದೆ. ಓದುತ್ತ ಹೋದಂತೆ ನನ್ನ ಸಿಟ್ಟು ಏರುತ್ತದೆ, ಯಾಕೆಂದರೆ ಇದು ಗೊತ್ತಿಲ್ಲದೆ ಆಗುತ್ತಿರುವ ತಪ್ಪಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷಿನ ಬುದ್ಧಿಮತ್ತೆ ಪರೀಕ್ಷೆಗೆ ಕೂರಿಸಿ, ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿ ಬೇರೆ ತರಗತಿಗೆ ತಳ್ಳಿದ್ದರು. ಅದೇ ಮಕ್ಕಳನ್ನು ಅವರ ಭಾಷೆಯಲ್ಲಿ ಕೇಳಿದಾಗ ಬಹುತೇಕರು ಬುದ್ಧಿಮಾಂದ್ಯತೆಯ ಗೆರೆಯನ್ನು ದಾಟಿದರು. ತಂದೆತಾಯಿಗಳು ಕೋರ್ಟಿಗೆ ಹೋದರು. 1970ರ ‘ಡಯಾನಾ’ ಮೊಕದ್ದಮೆಯಲ್ಲಿ ಆ ರಾಜ್ಯ, ಇಂಥ ಮಕ್ಕಳನ್ನು ಮನೆಮಾತಿನಲ್ಲೂ ಪರೀಕ್ಷಿಸುತ್ತೇವೆ ಎಂದು ಒಪ್ಪಿಕೊಳ್ಳಬೇಕಾಯಿತು. ಬಡವರ, ಹೊಲಗೆಲಸದವರ ಮಕ್ಕಳು ಸರ್ಕಾರದ ಕೈಯಿಂದ ಕಿತ್ತುಕೊಂಡ ಮಾತು ಅದು.

ಕೆನಡಾದಲ್ಲಿ ವಲಸಿಗರ ಮಕ್ಕಳನ್ನು ಗಮನಿಸಿದ ಜಿಮ್ ಕಮಿನ್ಸ್ ಇನ್ನೊಂದು ಮಾತು ಹೇಳಿದರು. ಆಟದ ಬಯಲಿನ ಭಾಷೆ ಮಗುವಿಗೆ ಸುಮಾರು ಎರಡು ವರ್ಷದಲ್ಲಿ ಬರುತ್ತದೆ. ಪುಸ್ತಕದ, ಪರೀಕ್ಷೆಯ ಭಾಷೆಯಲ್ಲಿ ಓರಗೆಯವರನ್ನು ಸರಿಗಟ್ಟಲು ಐದರಿಂದ ಏಳು ವರ್ಷ ಬೇಕು. ತಾಂಡಾದ ಹುಡುಗಿ ಖೋ ಖೋ ಆಡುತ್ತ ಕನ್ನಡದಲ್ಲಿ ಕೂಗುವುದನ್ನು ಕೇಳಿ, ಇವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ವಿಜ್ಞಾನದ ಪಾಠ ತಲೆಗೆ ಹತ್ತದಿದ್ದರೆ ಅದು ಅವಳ ದಡ್ಡತನ ಎಂದು ನಾವು ತೀರ್ಮಾನ ಮಾಡಿಬಿಡುತ್ತೇವೆ. ‘ನಿಧಾನ ಕಲಿಕೆಯವರು’ ಎಂಬ ಪಟ್ಟಿಗೆ ಹೆಸರು ಸೇರುತ್ತದೆ. ಆ ಪಟ್ಟಿಯಲ್ಲಿ ಯಾವ ಕೇರಿಯ, ಯಾವ ತಾಂಡಾದ ಹೆಸರುಗಳಿವೆ ಎಂದು ಒಮ್ಮೆ ಗಟ್ಟಿಯಾಗಿ ಓದಿ.

ಜನವರಿ ಬಂತೆಂದರೆ ಆ ಪಟ್ಟಿಯವರಿಗೆ ‘ಪಾಸಿಂಗ್ ಪ್ಯಾಕೇಜ್’. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮುಂದಿಟ್ಟುಕೊಂಡು ಎಲ್ಲೆಲ್ಲಿ ಎಷ್ಟು ಅಂಕ ಗಿಟ್ಟೀತು ಎಂದು ಹೆಕ್ಕುವುದು. ಒಂದು ಪದ್ಯ ಬಾಯಿಪಾಠ. ಪತ್ರಕ್ಕೆ ಮೇಲೆ ‘ಫ್ರಮ್’, ‘ಟು’, ಕೆಳಗೆ ‘ಯುವರ್ಸ್ ಫೇತ್‌ಫುಲಿ’. ನಡುವೆ ಏನೂ ಇಲ್ಲದಿದ್ದರೂ ಚೌಕಟ್ಟಿಗೆ ಅಂಕ ಬೀಳುತ್ತದೆ. ಯಾವ ಪ್ರಬಂಧಕ್ಕೂ ಅಂಟಿಸಬಹುದಾದ ನಾಲ್ಕು ವಾಕ್ಯ. ಸಂಜೆ ಆರರವರೆಗೆ ವಿಶೇಷ ತರಗತಿ ಹಿಡಿದು, ಹಸಿದ ಮಕ್ಕಳ ಬಾಯಲ್ಲಿ ಇದನ್ನೇ ತುರುಕುತ್ತೇವೆ. ಆ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಬಾರದು, ಔಷಧದ ಚೀಟಿ ಓದಲು ಬಾರದು. ಬೋರ್ಡಿನ ಪತ್ರಿಕೆ ನೂರರಲ್ಲಿ 80 ಅಂಕಕ್ಕೆ ಬರೆಸುತ್ತದೆ; ಮಗು ಬಾಯಿ ಬಿಟ್ಟು ಆಡಿದ್ದನ್ನು ಆ ಪತ್ರಿಕೆ ಕೇಳಿಸಿಕೊಳ್ಳುವುದಿಲ್ಲ. ಹೀಗಿರುವಾಗ ಮೇಷ್ಟ್ರು ಯಾಕೆ ಮಾತಾಡಿಸುತ್ತಾನೆ? ಶಾಲೆಯ ಶೇಕಡಾವಾರು ಕುಸಿದರೆ ನೋಟಿಸು ಬರುವುದು ಅವನಿಗೆ.

ಆ ಹುಡುಗಿ ಪ್ರಶ್ನೆಗಳನ್ನು ಯಾಕೆ ಇಳಿಸಿದಳು ಎಂಬುದು ನನಗೆ ಹೊಳೆದಿದ್ದು ಬಹಳ ತಡವಾಗಿ. “ಹಾಳಿ ಖಾಲಿ ಬಿಡಬ್ಯಾಡ್ರಿ, ಏನರೆ ಬರೀರಿ” ಎಂದು ತರಗತಿಯಲ್ಲಿ ದಿನಾ ಹೇಳುತ್ತಿದ್ದವನು ನಾನೇ. ಅವಳು ನನ್ನ ಮಾತನ್ನು ಪಾಲಿಸಿದ್ದಳು.

ಪರೀಕ್ಷೆ ಹೀಗೆ ಹಿಂದಕ್ಕೆ ಹರಿದು ಪಾಠವನ್ನು ಕೊಚ್ಚುವುದಕ್ಕೆ ಸಂಶೋಧಕರು ‘ವಾಶ್‌ಬ್ಯಾಕ್’ ಎನ್ನುತ್ತಾರೆ. ಚಾರ್ಲ್ಸ್ ಆಲ್ಡರ್ಸನ್ ಮತ್ತು ಡಯಾನ್ ವಾಲ್ ಇದನ್ನು ಪಕ್ಕದ ಶ್ರೀಲಂಕಾದ ಶಾಲೆಗಳಲ್ಲೇ ಕೂತು ನೋಡಿದರು. ಅಲ್ಲಿ ಇಂಗ್ಲಿಷ್ ಪತ್ರಿಕೆಯನ್ನು ಸುಧಾರಿಸಿದ್ದರು. 1993ರಲ್ಲಿ ಅವರು ಪ್ರಕಟಿಸಿದ್ದು: ಮೇಷ್ಟ್ರು ಏನು ಕಲಿಸುತ್ತಾನೆ ಎಂಬುದು ಬದಲಾಗಿತ್ತು, ಹೇಗೆ ಕಲಿಸುತ್ತಾನೆ ಎಂಬುದು ಹಾಗೇ ಇತ್ತು. ಪ್ರಶ್ನೆಪತ್ರಿಕೆಯ ವಿನ್ಯಾಸ ಬದಲಿಸಿ ಕೈ ತೊಳೆದುಕೊಳ್ಳುವ ಅಧಿಕಾರಿಗಳು ಇದನ್ನು ಓದಬೇಕು.

ಇಷ್ಟು ದೂರ ಹೋಗುವುದೂ ಬೇಡ. 1979ರಲ್ಲಿ ಎನ್. ಎಸ್. ಪ್ರಭು ಬೆಂಗಳೂರಿನಲ್ಲಿ ಒಂದು ಪ್ರಯೋಗ ಶುರುಮಾಡಿದರು. ವ್ಯಾಕರಣ ಅರೆಯುವ ಬದಲು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟರು, ನಕ್ಷೆ ಇಟ್ಟರು. ದಾರಿ ಹುಡುಕುತ್ತ ಹುಡುಕುತ್ತ ಭಾಷೆ ಒಳಗಿಳಿಯಲಿ ಎಂದರು. 1984ರವರೆಗೆ ಮಾಮೂಲಿ ಶಾಲೆಗಳಲ್ಲಿ ನಡೆದ ಈ ಕೆಲಸವನ್ನು ಭಾಷಾ ಬೋಧನೆಯ ಜಗತ್ತು ಇವತ್ತಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ಅಲನ್ ಬೆರೆಟ್ಟಾ, ಅಲನ್ ಡೇವಿಸ್ ಅದರ ಫಲ ಅಳೆಯಲು ಬಂದವರು. 1985ರಲ್ಲಿ ಅವರು ಪ್ರಕಟಿಸಿದ್ದನ್ನು ನಮ್ಮ ಪ್ರತಿ ಮೌಲ್ಯಮಾಪನ ಕೇಂದ್ರದ ಗೋಡೆಗೂ ಅಂಟಿಸಬೇಕು: ವ್ಯಾಕರಣದ ಪರೀಕ್ಷೆ ಕೊಟ್ಟಾಗ ವ್ಯಾಕರಣ ಕಲಿತ ತರಗತಿ ಮುಂದೆ; ಕೆಲಸ ಕೊಟ್ಟು ನೋಡಿದಾಗ ಪ್ರಭು ಅವರ ತರಗತಿ ಮುಂದೆ. ಯಾವ ಪಕ್ಷಕ್ಕೂ ವಾಲದ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಮೇಲುಗೈ ಪ್ರಯೋಗದ ಮಕ್ಕಳದು. ಯಾರು ಜಾಣರು ಎಂಬುದು ಯಾವ ತಕ್ಕಡಿ ತಂದಿರಿ ಎಂಬುದರ ಮೇಲೆ ನಿಂತಿತ್ತು. ತಕ್ಕಡಿ ಹಿಡಿದವರು ಯಾರು? ಅವರ ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ?

ಅದೇ 1979ರಲ್ಲಿ, ಅದೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಮೊದಲ ಸಮ್ಮೇಳನ ನಡೆಯಿತು. ಆ ಪರಂಪರೆಯ ಮಗ ನಾನು ಎಂದುಕೊಂಡು ಬರೆಯುತ್ತ ಬಂದವನು. ಜಮೀನ್ದಾರನ ಮೇಲೆ ಬರೆದೆವು, ಮಠದ ಮೇಲೆ ಬರೆದೆವು. ಪ್ರಶ್ನೆಪತ್ರಿಕೆಯ ಮೇಲೆ ಯಾಕೆ ಬರೆಯಲಿಲ್ಲ? 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿದದ್ದು ಸರಿ. ಕನ್ನಡವೇ ಪರಭಾಷೆಯಾದ ಮಗುವಿನ ಮೇಲೆ ಆ ‘ಪ್ರಥಮ’ ಎಂಬ ಪದ ಎಷ್ಟು ಭಾರ ಬೀಳುತ್ತದೆ ಎಂದು ನಾವು ಕೇಳಬೇಕಿತ್ತು. ಇಂಗ್ಲಿಷ್ ಮಾಧ್ಯಮ ತೆರೆದರೆ ದಲಿತರಿಗೆ ಬಿಡುಗಡೆ ಎನ್ನುವ ನನ್ನ ಗೆಳೆಯರಿಗೂ ಹೇಳುತ್ತೇನೆ: ಇಂಗ್ಲಿಷ್ ಬೇಕು, ಖಂಡಿತ ಬೇಕು, ತಾಂಡಾದ ಮಗುವಿಗೇ ಮೊದಲು ಬೇಕು. ಬೋರ್ಡು ಬದಲಿಸಿ, ಅದೇ ಬಾಯಿಪಾಠ, ಅದೇ ಸೊನ್ನೆ ಕೊಟ್ಟರೆ ಅದು ಇಂಗ್ಲಿಷ್ ಕೊಟ್ಟಂತಲ್ಲ.

ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಏರ್ಪಾಡು ಮಾಡಿ ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟೂ ಮಗುವಿನ ತಾಯ್ನುಡಿಯಲ್ಲೇ ಎನ್ನುತ್ತದೆ. ನಾನು ಹೊಸದೇನನ್ನೂ ಕೇಳುತ್ತಿಲ್ಲ. ತಾಂಡಾದ ಒಂದನೇ ತರಗತಿಯಲ್ಲಿ ಗೋರ್ ಬೋಲಿ ಬಲ್ಲ ಒಬ್ಬ ಶಿಕ್ಷಕಿಯನ್ನು ಕೂರಿಸಿ. ಇಂಗ್ಲಿಷ್ ಪತ್ರಿಕೆಯ ಸೂಚನೆಗಳನ್ನು ಮಗು ಬಲ್ಲ ಭಾಷೆಯಲ್ಲಿ ಕೊಡಿ, ಏನು ಮಾಡಬೇಕು ಎಂಬುದಾದರೂ ತಿಳಿಯಲಿ. ಅಂಕದ ಒಂದು ಪಾಲನ್ನು ಮಾತಿಗೆ, ಕೇಳುವಿಕೆಗೆ ತೆಗೆದಿಡಿ. ಅವಳನ್ನು ಎದುರು ಕೂರಿಸಿಕೊಂಡು, ಕಬ್ಬಿನ ತೂಕ ಹೇಗೆ ಹಾಕುತ್ತಾರೆ ಎಂದು ಕೇಳಿ, ಮುರುಕು ಇಂಗ್ಲಿಷಿನಲ್ಲಿ ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಎಲ್ಲಿಂದ ಹೊರಟು ಎಲ್ಲಿಗೆ ಬಂದಳು ಎಂದು ಅಳೆಯಿರಿ.

ಆ ಪೇಪರನ್ನು ನಾನು ಅವಳಿಂದ ಇಸಿದುಕೊಂಡೆ. ನನ್ನ ಕಪಾಟಿನಲ್ಲಿದೆ. ಹದಿನಾರು ಪುಟ, ಒಂದೂ ತಪ್ಪಿಲ್ಲದ ಅಕ್ಷರ. ಮೊದಲ ಪುಟದ ಮೇಲೆ ಕೆಂಪು ಸೊನ್ನೆ, ಅದರ ಕೆಳಗೆ ನನ್ನ ಸಹಿ.