89 ಮತಗಳ ಅಂತರ, ಎರಡು ಬೇರೆ ಪ್ರಶ್ನೆ

ಎಣಿಕೆಯ ದಿನ ನಮ್ಮ ಪಡುಬಿದ್ರಿ ಪೇಟೆಯಲ್ಲಿ ಚಾ ಕುಡಿಯುತ್ತಾ ನಿಂತವರು ಕೇಳುವುದು ಒಂದೇ ಪ್ರಶ್ನೆ: ‘ಲೀಡ್ ಎಷ್ಟು?’ ಲೀಡ್ ಸಾವಿರಗಟ್ಟಲೆ ಇದ್ದರೆ ಹತ್ತಿಪ್ಪತ್ತು ಮತಗಳ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ. ಲೀಡ್ ಎರಡಂಕಿಗೆ ಇಳಿದಾಗ ಆ ತಪ್ಪೇ ಶಾಸಕನನ್ನು ಆರಿಸಬಹುದು.

2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆದದ್ದನ್ನು ನೋಡಿ. ರಾತ್ರಿಯವರೆಗೆ ಮರುಎಣಿಕೆ ನಡೆದು ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು. ಜಗಳ ಎದ್ದದ್ದು ತಿರಸ್ಕೃತ ಅಂಚೆ ಮತಗಳ ಮೇಲೆ. ಅಂಚೆ ಮತ ಸಿಂಧುವೋ ಅಲ್ಲವೋ ಎಂದು ನಿರ್ಧರಿಸುವುದು ಯಂತ್ರವಲ್ಲ, ಮನುಷ್ಯರು. ಘೋಷಣಾ ಪತ್ರದಲ್ಲಿ ಒಂದು ಸಹಿ ಇಲ್ಲದಿದ್ದರೂ ಮತ ಹೋಯಿತು.

ತಲಪಾಡಿ ಗಡಿಯಾಚೆಯ ಮಂಜೇಶ್ವರದ್ದು ಬೇರೆ ಕತೆ. 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರನ್ನು 89 ಮತಗಳಿಂದ ಸೋಲಿಸಿದರು. ಸತ್ತವರ, ವಿದೇಶದಲ್ಲಿರುವವರ ಹೆಸರಿನಲ್ಲಿ ಮತ ಬಿದ್ದಿದೆ ಎಂದು ಸುರೇಂದ್ರನ್ ಹೈಕೋರ್ಟಿಗೆ ಹೋದರು. ತೀರ್ಪು ಬರುವ ಮೊದಲೇ, 2018ರಲ್ಲಿ, ಶಾಸಕರು ತೀರಿಕೊಂಡರು. ಮುಂದಿನ ವರ್ಷ ಅರ್ಜಿಯನ್ನು ಹಿಂಪಡೆಯಲಾಯಿತು, ಉಪಚುನಾವಣೆ ನಡೆಯಿತು. ಆರೋಪ ನಿಜವೋ ಸುಳ್ಳೋ ಎಂಬುದು ಇತ್ಯರ್ಥವಾಗಲೇ ಇಲ್ಲ.

ಮೊದಲನೆಯದಕ್ಕೆ ಮದ್ದು ಎಣಿಕೆ ಕೇಂದ್ರದಲ್ಲೇ ಇದೆ. ಈಗ ಮರುಎಣಿಕೆ ಬೇಕಾದರೆ ಅಭ್ಯರ್ಥಿ ಲಿಖಿತವಾಗಿ ಕೇಳಬೇಕು, ಚುನಾವಣಾಧಿಕಾರಿ ಒಪ್ಪಬೇಕು. ವಿವಿಪ್ಯಾಟ್ ಚೀಟಿಗಳನ್ನು ಕಡ್ಡಾಯವಾಗಿ ಎಣಿಸುವುದು ಕ್ಷೇತ್ರಕ್ಕೆ 5 ಮತಗಟ್ಟೆಗಳಲ್ಲಿ ಮಾತ್ರ. ಅಂತರ ತೀರಾ ಸಣ್ಣದಾದಾಗ ಯಾರೂ ಕೇಳದೆಯೇ ಪೂರ್ತಿ ಮರುಎಣಿಕೆ ಆಗಬೇಕು, ಎಲ್ಲ ಚೀಟಿಗಳನ್ನೂ ಎಣಿಸಬೇಕು. ಫಲಿತಾಂಶ ಎರಡು ದಿನ ತಡವಾದೀತು, ಆಗಲಿ. ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯುವುದಕ್ಕಿಂತ ಅದು ವಾಸಿ.

ಮಂಜೇಶ್ವರದಂಥ ತಕರಾರಿಗೆ ಎಷ್ಟು ಸಲ ಎಣಿಸಿದರೂ ಉತ್ತರ ಸಿಗದು. ಎಷ್ಟು ಮತ ಬಿತ್ತು ಎಂದು ಯಂತ್ರ ಹೇಳುತ್ತದೆ, ಒತ್ತಿದವರು ಯಾರು ಎಂದು ಹೇಳುವುದಿಲ್ಲ. ಅದನ್ನು ಮತದಾರರ ಪಟ್ಟಿಯಲ್ಲೇ ಸರಿಪಡಿಸಬೇಕು. ಮುಂಬೈ, ಗಲ್ಫ್ ಎಂದು ಅರ್ಧ ಮನೆ ಹೊರಗಿರುವ ಊರು ನಮ್ಮದು. ಪಟ್ಟಿಯ ಕರಡು ಪ್ರಕಟವಾದಾಗ ನಮ್ಮಲ್ಲಿ ಎಷ್ಟು ವರದಿಗಾರರು ಅದನ್ನು ಓದಿದ್ದೇವೆ? ಎಣಿಕೆಯ ದಿನ ಮೈಕ್ ಹಿಡಿದು ಓಡುವ ನಾವು, ಅದಕ್ಕೂ ತಿಂಗಳುಗಳ ಮೊದಲು ಆ ಪಟ್ಟಿ ಹಿಡಿದು ನಾಲ್ಕು ಮನೆ ಸುತ್ತಿದರೆ ಅದೂ ಚುನಾವಣಾ ವರದಿಯೇ.