ಕೆಂಪು ಚುಕ್ಕಿ ಹೇಳದೇ ಇರೋದು

ಕಾಡ್ಗಿಚ್ಚು ಅಂದ್ರೆ ನೆನಪಾಗೋದು 2019ರ ಫೆಬ್ರುವರಿಯ ಬಂಡೀಪುರ. ಆ ಚರ್ಚೆಯಲ್ಲಿ ಬೀದರ್‌ ಜಿಲ್ಲೆಗೆ ಜಾಗವೇ ಇಲ್ಲ. ಆದರೆ ನಾಸಾದ 'ಫರ್ಮ್ಸ್‌' ನಕ್ಷೆಯನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಉಚಿತವಾಗಿ ನೋಡಬಹುದು. ಉಪಗ್ರಹ ಹಾದುಹೋದ ಸುಮಾರು 3 ಗಂಟೆಯೊಳಗೆ ಬೆಂಕಿಯ ಗುರುತು ಅಲ್ಲಿರುತ್ತೆ.

ಬೇಸಿಗೆಯಲ್ಲಿ ಬೇಮಳಖೇಡದ ಬಳಿ ಚುಕ್ಕಿ ಬಿತ್ತು ಅನ್ನಿ. ಉರಿದದ್ದು ಕಬ್ಬಿನ ರವದಿಯೋ, ಕೃಷ್ಣಮೃಗ ಮೇಯುವ ಹುಲ್ಲುಗಾವಲೋ? 'ವಿಐಐಆರ್‌ಎಸ್‌' ಸಂವೇದಕದ ಒಂದು ಚುಕ್ಕಿ ಅಂದ್ರೆ ಸುಮಾರು 375 ಮೀಟರಿನ ಚೌಕ. ಅದು ಬಿಸಿಯನ್ನು ಗುರುತಿಸುತ್ತೆ, ಉರಿದದ್ದೇನು ಅಂತ ಹೇಳಲ್ಲ.

ಹೇಳಬೇಕಾದವರು ಊರವರೇ. ಹೋಗಿ ನೋಡಿ, ದಿನಾಂಕ ಹಾಕಿ ಬರೆದಿಡಿ. 'ಬೀಳು ಭೂಮಿ ತಾನೆ' ಎಂದು ಹುಲ್ಲುಗಾವಲನ್ನು ತಳ್ಳಿಹಾಕುವವರಿಗೂ, ಎಲ್ಲ ಬೆಂಕಿಗೂ ರೈತನನ್ನೇ ದೂರುವವರಿಗೂ ಆ ಪಟ್ಟಿಯೇ ಉತ್ತರ.